ಯಂತ್ರದ ತೀರ್ಮಾನಕ್ಕೂ ವೋಚರ್ ಬೇಕು: ಇ-ಆಡಳಿತ ಇಲಾಖೆಗೆ ದಾವಣಗೆರೆಯಿಂದ ಒಂದು ಬಹಿರಂಗ ಪತ್ರ

ಗೆ,
ಕಾರ್ಯದರ್ಶಿಗಳು, ಇ-ಆಡಳಿತ ಇಲಾಖೆ, ಕರ್ನಾಟಕ ಸರ್ಕಾರ, ಬೆಂಗಳೂರು
ಜಿಲ್ಲಾಧಿಕಾರಿಗಳು, ದಾವಣಗೆರೆ ಮತ್ತು ಚಿತ್ರದುರ್ಗ

ವಿಷಯ: ಸರ್ಕಾರಿ ಕೆಲಸದಲ್ಲಿ ಬಳಸುವ ಎಐ ವ್ಯವಸ್ಥೆಗಳ ಆಡಿಟ್ ಬಗ್ಗೆ

ಮಾನ್ಯರೇ,

ನೇರ ವಿಷಯಕ್ಕೆ ಬರುತ್ತೇನೆ. ನಮ್ಮ ಎರಡು ಜಿಲ್ಲೆಗಳಲ್ಲಿ ಜನರ ರೇಷನ್ ಕಾರ್ಡು, ಪಿಂಚಣಿ, ಬೆಳೆ ಪರಿಹಾರ, ಅಂಗನವಾಡಿ ಆಹಾರ ಇವುಗಳ ಬಗ್ಗೆ ಯಾವ್ಯಾವ ಯಂತ್ರ ಏನೇನು ತೀರ್ಮಾನ ಹೇಳುತ್ತಿದೆ ಅನ್ನೋ ಪಟ್ಟಿ, ನಾನು ಕೇಳಿದ ಯಾವ ಕಚೇರಿಯಲ್ಲೂ ಸಿಕ್ಕಿಲ್ಲ. ಆ ಪಟ್ಟಿ ಹೊರಗೆ ಬರಬೇಕು. ಪಟ್ಟಿಯಲ್ಲಿರುವ ಪ್ರತಿಯೊಂದಕ್ಕೂ ವರ್ಷಕ್ಕೊಮ್ಮೆ ಆಡಿಟ್ ಆಗಬೇಕು. ಕಂಪನಿ ಕೊಟ್ಟ ಕಾಗದ ಓದಿ ಸಹಿ ಹಾಕಿದರೆ ಅದು ಆಡಿಟ್ ಆಗುವುದಿಲ್ಲ. ಹಳ್ಳಿಗೆ ಹೋಗಿ ತಾಳೆ ನೋಡಬೇಕು. ನಾನು ಕೇಳುವುದು ಇಷ್ಟೇ. ಯಾಕೆ, ಹೇಗೆ ಅನ್ನುವುದು ಮುಂದಿದೆ.

ನಾನು ನಿವೃತ್ತ ಸರ್ಕಾರಿ ಆಡಿಟರ್. ಜಗಳೂರು, ಮೊಳಕಾಲ್ಮೂರು, ಚಳ್ಳಕೆರೆ ಕಡೆಯ ಪಂಚಾಯ್ತಿಗಳ ಕ್ಯಾಶ್‌ಬುಕ್ಕು, ವೋಚರು, ಕಾಮಗಾರಿ ಅಳತೆ ಬರೆಯುವ ಎಂ.ಬಿ. ಪುಸ್ತಕ ನೋಡುತ್ತಲೇ ಸರ್ವಿಸ್ ಮುಗಿಸಿದವನು. ದಾವಣಗೆರೆ ಬೇರೆ ಜಿಲ್ಲೆಯಾಗಿದ್ದು 1997ರಲ್ಲಿ. ಅದಕ್ಕೆ ಮೊದಲು ಜಗಳೂರು, ಹರಿಹರ ಎಲ್ಲ ದುರ್ಗದ ಲೆಕ್ಕದಲ್ಲೇ ಇದ್ದವು. ಹಾಗಾಗಿ ಇಬ್ಬರು ಜಿಲ್ಲಾಧಿಕಾರಿಗಳಿಗೂ ಸೇರಿಸಿ ಬರೆಯುತ್ತಿದ್ದೇನೆ. ಕಂಪ್ಯೂಟರ್ ಕೋಡ್ ಓದುವುದು ನನಗೆ ಬರುವುದಿಲ್ಲ. ಎಂ.ಬಿ. ಪುಸ್ತಕ ನೋಡುತ್ತಿದ್ದ ಕಾಲದಲ್ಲಿ ಕಾಂಕ್ರೀಟ್ ಕಲಸುವುದೂ ಬರುತ್ತಿರಲಿಲ್ಲ. ಆದರೂ ಚರಂಡಿ ಬರೀ ಪುಸ್ತಕದಲ್ಲಿದೆಯೋ, ಊರಲ್ಲೂ ಇದೆಯೋ ಅನ್ನುವುದು ಗೊತ್ತಾಗುತ್ತಿತ್ತು.

ಯಂತ್ರ ಎಲ್ಲಿದೆ ಅನ್ನುವುದರಿಂದ ಶುರು ಮಾಡೋಣ. ಎಐ ಅಂದರೆ ಬೆಂಗಳೂರಿನ ಗಾಜಿನ ಕಟ್ಟಡ ಅಂದುಕೊಳ್ಳುವವರು ಒಮ್ಮೆ ಅಂಗನವಾಡಿಗೆ ಹೋಗಿ ಬರಲಿ. ಗರ್ಭಿಣಿಯರಿಗೆ, ಬಾಣಂತಿಯರಿಗೆ ಮನೆಗೆ ಕೊಡುವ ಪೌಷ್ಟಿಕ ಆಹಾರಕ್ಕೆ ಮುಖ ಗುರುತಿಸುವುದು ಕಡ್ಡಾಯ ಅಂತ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2025ರ ಜುಲೈ 1ರಿಂದ ಜಾರಿ ಮಾಡಿತು. ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಮುಖ ಹೊಂದಿದರೆ ಪೊಟ್ಟಣ.

ಜಗಳೂರು ಕಡೆಯ ಒಂದು ಹಳ್ಳಿಯಲ್ಲಿ ನಾನೇ ನಿಂತು ನೋಡಿದೆ. ಬಾಣಂತಿ ತಲೆಗೆ ಸ್ಕಾರ್ಫ್ ಬಿಗಿದುಕೊಂಡು, ಕಿವಿಗೆ ಹತ್ತಿ ಇಟ್ಟುಕೊಂಡು ಬಂದಿದ್ದಳು. 'ಸ್ಕಾರ್ಫ್ ತೆಗಿಯಮ್ಮ, ಕಣ್ಣು ಮಿಟುಕಿಸು, ಹಾಂ, ಇನ್ನೊಂದ್ಸಲ' ಅಂತ ಟೀಚರ್ ಮೊಬೈಲ್ ಹಿಡಿದಿದ್ದರು. ಒಳಗೆ ಬೆಳಕು ಸಾಲದು ಅಂತ ಹೊರಗೆ ಕರೆತಂದರು. 'ಹಸಿ ಬಾಣಂತಿನ ಗಾಳಿಗೆ ಯಾಕ್ರೀ ನಿಲ್ಲಿಸ್ತೀರಿ' ಅಂತ ಹುಡುಗಿಯ ಅಮ್ಮ ಜಗಳ ತೆಗೆದರು. ಮೊಬೈಲ್‌ನಲ್ಲಿ ಚಕ್ರ ಸುತ್ತುತ್ತಲೇ ಇತ್ತು. ಕೊನೆಗೂ ಮುಖ ಹೊಂದಲಿಲ್ಲ. ನೋಂದಣಿ ಫೋಟೋ ತೆಗೆದದ್ದು ಬಸುರಿಯಾಗಿದ್ದಾಗ. ಮೈ ತುಂಬಿಕೊಂಡಿದ್ದ ಮುಖ ಅದು. ಈಗ ಕೆನ್ನೆ ಇಳಿದುಹೋಗಿದೆ. ತಮಾಷೆ ಅಂದರೆ, ಆ ಹುಡುಗಿಗೆ ಅದೇ ಅಂಗನವಾಡಿಯಲ್ಲಿ ಅಆಇಈ ಹೇಳಿಕೊಟ್ಟಿದ್ದು ಅದೇ ಟೀಚರ್. ಅವರಿಗೆ ಗುರುತು ಇದೆ. ಅವರ ಕೈಯಲ್ಲಿರುವ ಮೊಬೈಲ್‌ಗೆ ಇಲ್ಲ.

ಆಡಿಟರ್ ಕಣ್ಣಿಗೆ ಇಲ್ಲಿ ಕಾಣುವ ಪ್ರಶ್ನೆ ಬೇರೆ. ಆ ದಿನದ ಲೆಕ್ಕದಲ್ಲಿ ಅವಳು 'ಬರಲಿಲ್ಲ' ಅಂತ ಆಗುತ್ತಾಳೋ, 'ಬಂದಳು, ಯಂತ್ರ ಗುರುತು ಹಿಡಿಯಲಿಲ್ಲ' ಅಂತ ಆಗುತ್ತಾಳೋ? ಈ ಎರಡನೇ ಕಾಲಂ ಇದ್ದರೆ ಮಾತ್ರ ಯಾರಾದರೂ ಮುಂದೆ ಲೆಕ್ಕ ಕೇಳಬಹುದು. ಇಲ್ಲದಿದ್ದರೆ ಯಂತ್ರದ ತಪ್ಪೆಲ್ಲ ಫಲಾನುಭವಿಯ ಗೈರುಹಾಜರಿಯಾಗಿ ಜಮಾ ಆಗುತ್ತದೆ. ಮೇಲಿನವರಿಗೆ ಹೋಗುವ ತಖ್ತೆಯಲ್ಲಿ ಯಂತ್ರದ ತಪ್ಪು ಸೊನ್ನೆ.

ಪಟ್ಟಿ ಕೇಳಿದರೆ ಮೊದಲು ಬರುವ ಉತ್ತರವೂ ನನಗೆ ಗೊತ್ತು. 'ಇದು ಎಐ ಅಲ್ಲ ಸಾರ್, ಬರೀ ಸಾಫ್ಟ್‌ವೇರ್.' ನ್ಯೂಯಾರ್ಕ್ ನಗರದಲ್ಲಿ ಆಗಿದ್ದೂ ಹೆಚ್ಚುಕಮ್ಮಿ ಇದೇ. ಕೆಲಸಕ್ಕೆ ಜನರನ್ನು ಆರಿಸಲು ಯಂತ್ರ ಬಳಸುವವರು ವರ್ಷಕ್ಕೊಮ್ಮೆ ಹೊರಗಿನವರಿಂದ ಪಕ್ಷಪಾತದ ಆಡಿಟ್ ಮಾಡಿಸಿ, ಫಲಿತಾಂಶ ವೆಬ್‌ಸೈಟಿಗೆ ಹಾಕಬೇಕು ಅಂತ ಆ ನಗರ 2021ರಲ್ಲಿ ಕಾನೂನು ಮಾಡಿತು. 2023ರ ಜುಲೈನಿಂದ ಜಾರಿ. ಆಮೇಲೆ ಸಂಶೋಧಕರು 391 ಉದ್ಯೋಗದಾತರ ವೆಬ್‌ಸೈಟ್ ಜಾಲಾಡಿದರೆ ಆಡಿಟ್ ವರದಿ ಸಿಕ್ಕಿದ್ದು 18 ಕಡೆ. ಉಳಿದವರೆಲ್ಲ ಕಾನೂನು ಮುರಿದರು ಅಂತಲೂ ಹೇಳುವ ಹಾಗಿಲ್ಲ. ತಮ್ಮ ಯಂತ್ರ ಆ ಕಾನೂನಿಗೆ ಬರುತ್ತದೋ ಇಲ್ಲವೋ ಅಂತ ತೀರ್ಮಾನಿಸುವುದನ್ನು ಅವರಿಗೇ ಬಿಟ್ಟಿದ್ದರು. ಇಂಥ ಭಾಗ್ಯ ನಮ್ಮ ಪಂಚಾಯ್ತಿ ಕಾರ್ಯದರ್ಶಿಗಳಿಗೆ ಸಿಕ್ಕಿದ್ದರೆ ನಾನು ಸರ್ವಿಸ್ ಪೂರ್ತಿ ಮನೆಯಲ್ಲೇ ಕೂತು ಸಂಬಳ ಎಣಿಸಬಹುದಿತ್ತು.

ಆದ್ದರಿಂದ ಅಳತೆ ಸರಳವಾಗಿರಲಿ. ಒಬ್ಬರ ಅರ್ಜಿ ಮುಂದೆ ಹೋಗುವುದೋ ನಿಲ್ಲುವುದೋ ಅನ್ನುವುದು ಒಂದು ತಂತ್ರಾಂಶದ ಮಾತಿನ ಮೇಲೆ ನಿಂತಿದ್ದರೆ ಅದು ಪಟ್ಟಿಗೆ ಸೇರಬೇಕು. ಒಳಗೆ ಎಐ ಇದೆಯೋ, ಹಳೇ ಕೂಡು ಕಳೆ ಲೆಕ್ಕ ಇದೆಯೋ ಅನ್ನುವುದು ಆಮೇಲಿನ ಮಾತು. 2024ರ ನವೆಂಬರ್‌ನ ಬಿಪಿಎಲ್ ಕಾರ್ಡ್ ಗಲಾಟೆ ನೆನಪಿದೆ ಅಲ್ವಾ? ಅನರ್ಹರನ್ನು ತೆಗೆಯಲು ಹೋಗಿ ಅರ್ಹರ ಕಾರ್ಡುಗಳೂ ಹೋದವು. ಕೊನೆಗೆ ಸರ್ಕಾರಿ ನೌಕರರು, ಆದಾಯ ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರಿಗೆ ಕಾರ್ಡ್ ವಾಪಸ್ ಕೊಡಿ ಅಂತ ಸರ್ಕಾರವೇ ಹೇಳಬೇಕಾಯಿತು. ಅದನ್ನು ಯಾರೂ ಎಐ ಅಂತ ಕರೆಯಲಿಲ್ಲ. ನ್ಯಾಯಬೆಲೆ ಅಂಗಡಿ ಮುಂದೆ ನಿಂತವರಿಗೆ ಕರೆದರೇನು ಬಿಟ್ಟರೇನು.

ನೆದರ್‌ಲ್ಯಾಂಡ್ಸ್ ದೇಶ 2022ರ ಡಿಸೆಂಬರ್‌ನಲ್ಲಿ ಇಂಥದೊಂದು ಪಟ್ಟಿಯನ್ನು ಎಲ್ಲರೂ ನೋಡುವಂತೆ ತೆರೆದಿಟ್ಟಿತು. ಸುಮ್ನೆ ತೆರೆಯಲಿಲ್ಲ. ಮಕ್ಕಳ ಪಾಲನೆಗೆ ಕೊಡುವ ಭತ್ಯೆಯಲ್ಲಿ ಸಾವಿರಾರು ಕುಟುಂಬಗಳಿಗೆ ಮೋಸಗಾರರ ಪಟ್ಟ ಕಟ್ಟಿ, ಆ ಹಗರಣದಲ್ಲಿ 2021ರ ಜನವರಿಯಲ್ಲಿ ಅಲ್ಲಿನ ಇಡೀ ಸಂಪುಟ ರಾಜೀನಾಮೆ ಕೊಟ್ಟಿತ್ತು.

ಅಷ್ಟು ದೂರ ಯಾಕೆ, ತೆಲಂಗಾಣ ನೋಡಿ. ಅಲ್ಲಿ 2014ರಿಂದ 2019ರೊಳಗೆ 18 ಲಕ್ಷಕ್ಕೂ ಜಾಸ್ತಿ ಆಹಾರ ಭದ್ರತಾ ಕಾರ್ಡುಗಳು ರದ್ದಾದವು. ಬೇರೆ ಬೇರೆ ಇಲಾಖೆಗಳ ಮಾಹಿತಿ ಜೋಡಿಸಿ ಯಾರು ಅರ್ಹರು ಅಂತ ಹೇಳುವ 'ಸಮಗ್ರ ವೇದಿಕೆ' ತಂತ್ರಾಂಶ ಅದರಲ್ಲಿ ಕೆಲಸ ಮಾಡಿತ್ತು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಸ್ಥಳಕ್ಕೆ ಹೋಗಿ ಮತ್ತೆ ಪರಿಶೀಲಿಸಿ ಅಂತ 2022ರ ಏಪ್ರಿಲ್‌ನಲ್ಲಿ ಕೋರ್ಟ್ ಹೇಳಿತು. ಆಗ ಪರಿಶೀಲಿಸಿದ ಸುಮಾರು 2 ಲಕ್ಷ ಅರ್ಜಿಗಳಲ್ಲಿ 15 ಸಾವಿರಕ್ಕೂ ಹೆಚ್ಚು ಮಂದಿ ಅರ್ಹರೇ ಆಗಿದ್ದರು. ಅದರಲ್ಲೊಂದು ಪ್ರಕರಣ ಪತ್ರಿಕೆಗಳಲ್ಲಿ ಬಂತು. ಸೈಕಲ್ ರಿಕ್ಷಾ ತುಳಿಯುತ್ತಿದ್ದವರನ್ನು ಯಂತ್ರ ಕಾರಿನ ಮಾಲೀಕರು ಅಂದುಕೊಂಡಿತ್ತು. ಕಾರಣ, ಹೆಸರು ಹತ್ತಿರತ್ತಿರ ಒಂದೇ.

ಈ ಹೆಸರಿನ ವಿಷಯದಲ್ಲಿ ನಮ್ಮ ಕಡೆಯವರು ಸ್ವಲ್ಪ ಜಾಸ್ತಿಯೇ ಹೆದರಬೇಕು. ನಾಯಕನಹಟ್ಟಿ ಸುತ್ತ ನಿಂತು 'ತಿಪ್ಪೇಸ್ವಾಮಿ' ಅಂತ ಕೂಗಿದರೆ ಎಷ್ಟು ಜನ ತಿರುಗಿ ನೋಡುತ್ತಾರೆ ಅಂತ ನಿಮಗೂ ಗೊತ್ತು. ತಂದೆ ಹೆಸರು ಓಬಯ್ಯ, ಬೋರಯ್ಯ, ಪಾಲಯ್ಯ. ಅದೂ ಹತ್ತಾರು ಮನೆಯಲ್ಲಿ ಒಂದೇ. ಆಧಾರ್‌ನಲ್ಲಿ ಇಂಗ್ಲಿಷ್ ಕಾಗುಣಿತ ಒಂದು, ಪಹಣಿಯಲ್ಲಿ ಕನ್ನಡದಲ್ಲಿ ಇನ್ನೊಂದು, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಮತ್ತೊಂದು. ದಾವಣಗೆರೆಗೆ ಬಂದರೆ ಕರಿಬಸಪ್ಪ, ದುಗ್ಗಮ್ಮ, ದುರುಗಪ್ಪ. ಊರ ದೇವರ ಹೆಸರನ್ನೇ ಮಕ್ಕಳಿಗಿಡುವ ಸೀಮೆ ಇದು. ಹೈದರಾಬಾದಿನಲ್ಲೋ ನೋಯ್ಡಾದಲ್ಲೋ ಪರೀಕ್ಷೆ ಮಾಡಿ 'ನಮ್ಮ ಹೆಸರು ಹೊಂದಾಣಿಕೆ ಶೇ 98 ಸರಿ' ಅಂತ ಕಂಪನಿ ಹೇಳಿದರೆ, ಆ 98 ಚಳ್ಳಕೆರೆ ತಾಲ್ಲೂಕಿಗೆ ಅನ್ವಯಿಸುವುದಿಲ್ಲ. ಇಲ್ಲಿಯ ಅಂಕ ಇಲ್ಲೇ ಬರಬೇಕು. ಅನ್ವಯಿಸುತ್ತದೆ ಅಂತಲೇ ಇಟ್ಟುಕೊಳ್ಳಿ. ಒಂದು ತಾಲ್ಲೂಕಿನಲ್ಲಿ 50 ಸಾವಿರ ಕಾರ್ಡ್ ಇದ್ದರೆ ಶೇ 2 ಅಂದರೆ 1000 ಮನೆ. ಅವರು ತಾಲ್ಲೂಕು ಕಚೇರಿ ಮುಂದೆ ಬಂದು ನಿಂತರೆ ತಹಶೀಲ್ದಾರರು ಶೇ 98ರ ಲೆಕ್ಕ ಹೇಳೋಕಾಗುತ್ತಾ?

ಕಾರಣ ತಿಳಿಸಬೇಕು ಅನ್ನುವುದು ಹೊಸ ಬೇಡಿಕೆಯೇನಲ್ಲ. ಆಡಳಿತಾತ್ಮಕ ತೀರ್ಮಾನಕ್ಕೆ ಕಾರಣವನ್ನು ಬಾಧಿತರಿಗೆ ತಿಳಿಸಿ ಅಂತ ಮಾಹಿತಿ ಹಕ್ಕು ಕಾಯ್ದೆ 2005ರ 4(1)(ಡಿ) ಹೇಳುತ್ತದೆ. ಅದಕ್ಕೆ ಅರ್ಜಿ ಹಾಕುವ ಅಗತ್ಯವೂ ಇಲ್ಲ, ಕಚೇರಿಯೇ ತಾನಾಗಿ ಕೊಡಬೇಕು. ಅರ್ಜಿ ತಿರಸ್ಕರಿಸಿದರೆ ಕಾರಣ ಬರೆದು ತಿಳಿಸಬೇಕು ಅಂತ ನಮ್ಮದೇ ಸಕಾಲ ಕಾಯ್ದೆ 2011 ಕೂಡ ಹೇಳುತ್ತದೆ. ಈ ಎರಡು ಕಾಯ್ದೆಯಲ್ಲಿ ಎಲ್ಲೂ 'ಮನುಷ್ಯ ಮಾಡಿದ ತೀರ್ಮಾನಕ್ಕೆ ಮಾತ್ರ' ಅಂತ ಬರೆದಿಲ್ಲ. ಆದರೆ ಮೊಬೈಲ್‌ಗೆ ಬರುವುದು 'ಅರ್ಹರಲ್ಲ' ಅನ್ನುವ ಒಂದು ಸಾಲು. ಕೇಳಿದರೆ 'ಸಿಸ್ಟಂ ತಗೋತಿಲ್ಲ' ಅನ್ನುತ್ತಾರೆ. 'ಸಿಸ್ಟಂ ತಗೋತಿಲ್ಲ' ಅನ್ನುವುದನ್ನು ಕಾರಣ ಅಂತ ಒಪ್ಪಿಕೊಂಡರೆ ಆಡಿಟ್ ಇಲಾಖೆಯನ್ನೇ ಮುಚ್ಚಬಹುದು.

ಎಐಗೆಂದೇ ಕಾನೂನು ನಮ್ಮ ದೇಶದಲ್ಲಿಲ್ಲ. 2025ರ ನವೆಂಬರ್‌ನಲ್ಲಿ ಕೇಂದ್ರದ ಐಟಿ ಸಚಿವಾಲಯ ಎಐ ಆಡಳಿತದ ಮಾರ್ಗಸೂಚಿ ಹೊರಡಿಸಿತು. ಅದು ಮಾರ್ಗಸೂಚಿ ಅಷ್ಟೇ. ಅದೇ ತಿಂಗಳು ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆಯ ನಿಯಮಗಳು ಬಂದವು. ಸರ್ಕಾರ ಗುರುತಿಸಿದ ದೊಡ್ಡ ಸಂಸ್ಥೆಗಳು 12 ತಿಂಗಳಿಗೊಮ್ಮೆ ಆಡಿಟ್ ಮಾಡಿಸಬೇಕು, ತಮ್ಮ ಅಲ್ಗಾರಿದಂನಿಂದ, ಅಂದರೆ ಯಂತ್ರ ತೀರ್ಮಾನಕ್ಕೆ ಬಳಸುವ ಸೂತ್ರದಿಂದ, ಜನರ ಹಕ್ಕಿಗೆ ಅಪಾಯ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಬೇಕು ಅಂತ ಅದರಲ್ಲಿದೆ. ತಾಲ್ಲೂಕು ಕಚೇರಿಯ ತಂತ್ರಾಂಶವೂ ಆ ಗುರುತಿಗೆ ಬೀಳುತ್ತದೆ ಅಂತ ನಾನಂತೂ ಕಾಯುತ್ತಾ ಕೂರುವುದಿಲ್ಲ. ರಾಜ್ಯಕ್ಕೆ ಒಂದು ಸುತ್ತೋಲೆ ಸಾಕು.

ಯುರೋಪಿನ ಎಐ ಕಾಯ್ದೆ 2024ರ ಆಗಸ್ಟ್ 1ರಂದು ಜಾರಿಗೆ ಬಂದು, ಹಂತ ಹಂತವಾಗಿ ಅನ್ವಯವಾಗುತ್ತಿದೆ. ಎದುರಿಗಿರುವುದು ಯಂತ್ರ ಅಂತ ಜನರಿಗೆ ಮೊದಲೇ ಹೇಳಬೇಕು ಅನ್ನುವ ನಿಯಮ ಅದರಲ್ಲಿದೆ. ಇದು ಇಲ್ಲಿಗೂ ಬೇಕು. ಸಾಲದ ಕಂತು ನೆನಪಿಸಲು ಈಗ ಫೋನಿನಲ್ಲಿ ಚೆಂದದ ಹೆಣ್ಣು ದನಿ ಬರುತ್ತದೆ. ನಮ್ಮ ಅತ್ತಿಗೆ ಅದಕ್ಕೆ 'ಊಟ ಆಯ್ತಾ ತಾಯಿ' ಅಂತ ಕೇಳಿ, ಉತ್ತರ ಬರದಿದ್ದಕ್ಕೆ 'ಸೊಕ್ಕು ನೋಡು' ಅಂತ ಬೈದುಕೊಳ್ಳುತ್ತಾರೆ. ನಗು ಬರುತ್ತದೆ ನಿಜ. ಆದರೆ ಕಷ್ಟ ಹೇಳಿಕೊಂಡು ಒಂದು ತಿಂಗಳು ಗಡುವು ಕೇಳುವವರು, ಕೇಳುತ್ತಿರುವುದು ಯಾರನ್ನ ಅಂತ ತಿಳಿದಿರಬೇಕು ಅಲ್ವಾ?

ಅದೇ ಕಾಯ್ದೆ, ಸರ್ಕಾರಿ ಸೌಲಭ್ಯಕ್ಕೆ ಯಾರು ಅರ್ಹರು ಅಂತ ನಿರ್ಧರಿಸುವ ಎಐಯನ್ನು ಹೆಚ್ಚು ಅಪಾಯದ ಸಾಲಿಗೆ ಹಾಕಿದೆ. ಅಂಥ ಯಂತ್ರ ತನ್ನ ಪ್ರತಿ ಕೆಲಸದ ದಾಖಲೆ, ಅಂದರೆ ಲಾಗ್, ತಾನಾಗಿ ಬರೆದಿಡಬೇಕು. ಬಳಸುವವರು ಅದನ್ನು ಕನಿಷ್ಠ 6 ತಿಂಗಳು ಇಟ್ಟುಕೊಳ್ಳಬೇಕು. ನಮ್ಮ ಭಾಷೆಯಲ್ಲಿ ಇದೇ ವೋಚರು. ಯಾವ ದಿನ, ಯಾರ ಅರ್ಜಿ, ಯಾವ ಮಾಹಿತಿ ನೋಡಿದ್ದು, ಏನು ಹೇಳಿದ್ದು, ಆ ಮಾತನ್ನು ಯಾವ ಅಧಿಕಾರಿ ಒಪ್ಪಿದ್ದು ಅಥವಾ ಬದಲಿಸಿದ್ದು. 6 ತಿಂಗಳು ಮಾತ್ರ ನಮಗೆ ಯಾತಕ್ಕೂ ಸಾಲದು. ಇಲ್ಲಿ ಆಡಿಟ್ ಬರುವುದೇ ವರ್ಷ ಕಳೆದ ಮೇಲೆ. ಪಿಂಚಣಿ ನಿಂತಿದೆ ಅಂತ ಅಜ್ಜಿಗೆ ಗೊತ್ತಾಗುವುದಕ್ಕೇ ನಾಲ್ಕೈದು ತಿಂಗಳು ಬೇಕು. ಮೇಲ್ಮನವಿ, ಅಲೆದಾಟ ಆಮೇಲೆ. ಕನಿಷ್ಠ 3 ವರ್ಷ ಇಡಬೇಕು ಅನ್ನುವುದು ನನ್ನ ಅಭಿಪ್ರಾಯ.

ಈ ದಾಖಲೆ ಯಾರ ಆಸ್ತಿ ಅನ್ನುವುದನ್ನು ಟೆಂಡರ್‌ನಲ್ಲೇ ಬರೆಯಬೇಕು. ಇಡೀ ಪತ್ರದಲ್ಲಿ ನೀವು ಒಂದೇ ಒಂದು ಮಾತು ಒಪ್ಪುವುದಾದರೆ ಇದನ್ನು ಒಪ್ಪಿ. ತೆಲಂಗಾಣದಲ್ಲಿ ತಂತ್ರಾಂಶದ ಒಳಗಿನ ಸೂತ್ರ ಕೇಳಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದವರಿಗೆ, ಅದರ ಹಕ್ಕು ಕಂಪನಿಯದು ಅನ್ನುವ ಉತ್ತರ ಸಿಕ್ಕಿತು. ಗುತ್ತಿಗೆ ಮುಗಿದ ಮೇಲೆ ಕಂಪನಿಯ ಬಾಗಿಲು ಬಡಿದರೆ ಕಾವಲುಗಾರ ಕೂಡ ಮಾತಾಡುವುದಿಲ್ಲ. ನಮ್ಮಲ್ಲಿ 1999ರಿಂದ ಕೆಟಿಪಿಪಿ ಕಾಯ್ದೆ ಇದೆ. ಸಾರ್ವಜನಿಕ ಖರೀದಿಯಲ್ಲಿ ಪಾರದರ್ಶಕತೆ ಅಂತ ಅದರ ಹೆಸರಿನಲ್ಲೇ ಇದೆ. ಯಾರು ಕಡಿಮೆ ದರ ಕೂಗಿದರು ಅನ್ನುವುದು ಅದರಿಂದ ಕಾಣುತ್ತದೆ. ಕೊಂಡ ವಸ್ತು ಒಳಗೆ ಏನು ಮಾಡುತ್ತದೆ ಅನ್ನುವುದು ಕಾಣುವುದಿಲ್ಲ. ಹಾಗಾಗಿ ಟೆಂಡರ್ ಷರತ್ತಿಗೆ ಮೂರು ಮಾತು ಸೇರಿಸಿ. ಲಾಗ್ ಇಲಾಖೆಯ ಸ್ವತ್ತು. ಆಡಿಟ್ ತಂಡ ಕೇಳಿದಾಗ ಪರೀಕ್ಷೆಗೆ ಯಂತ್ರ ತೆರೆದುಕೊಡಬೇಕು. ಇವೆರಡೂ ಆಗುವ ತನಕ ಕೊನೆಯ ಬಿಲ್ ಪಾಸಾಗಬಾರದು. ಬಿಲ್ ತಡೆದರೆ ಎಲ್ಲ ದಾಖಲೆಯೂ ಸಿಗುತ್ತದೆ. ಇದು ನನ್ನ ಸರ್ವಿಸ್‌ನ ಅನುಭವ.

ಇನ್ನು ಆಡಿಟ್ ಮಾಡುವವರು ಯಾರು? ಯಂತ್ರ ಮಾರಿದವರೇ ದುಡ್ಡು ಕೊಟ್ಟು ಕರೆತಂದ ಆಡಿಟರ್ ಬೇಡ. ಸರ್ಕಾರಿ ಆಡಿಟರ್‌ಗಳಿಗೆ ಇದೆಲ್ಲ ಎಲ್ಲಿ ಬರುತ್ತೆ ಅನ್ನುವವರಿಗೆ ಒಂದು ಉದಾಹರಣೆ. 2022ರಲ್ಲಿ ನೆದರ್‌ಲ್ಯಾಂಡ್ಸ್‌ನ ಆಡಿಟ್ ನ್ಯಾಯಾಲಯ, ಅಂದರೆ ಸರ್ಕಾರದ ಲೆಕ್ಕ ನೋಡುವ ಅವರ ಸಿಎಜಿ, ಸರ್ಕಾರ ಬಳಸುತ್ತಿದ್ದ 9 ಅಲ್ಗಾರಿದಂಗಳನ್ನು ಆಡಿಟ್ ಮಾಡಿತು. ಪಾಸಾಗಿದ್ದು 3. ಉಳಿದ 6 ಕನಿಷ್ಠ ಷರತ್ತುಗಳನ್ನೆಲ್ಲ ಪೂರೈಸಿರಲಿಲ್ಲ. 2023ರಲ್ಲಿ ಭಾರತದ ಅಧ್ಯಕ್ಷತೆಯಲ್ಲಿ ಜಿ20 ದೇಶಗಳ ಆಡಿಟ್ ಸಂಸ್ಥೆಗಳು ಗೋವಾದಲ್ಲಿ ಸೇರಿದಾಗ, ನಮ್ಮ ಸಿಎಜಿಯೇ ಮುಂದಿಟ್ಟ ಎರಡು ವಿಷಯಗಳಲ್ಲಿ ಜವಾಬ್ದಾರಿಯುತ ಎಐ ಒಂದು. ಗೋವಾದಲ್ಲಿ ಆಡಿದ ಮಾತು ಜಗಳೂರಿಗೂ ಬರಲಿ.

ರಾಜ್ಯದ ಲೆಕ್ಕಪರಿಶೋಧನಾ ಇಲಾಖೆಯಿಂದ ಒಬ್ಬರು, ಸಾಮಾಜಿಕ ಪರಿಶೋಧನೆ ಮಾಡಿ ಗೊತ್ತಿರುವವರು ಒಬ್ಬರು, ದಾವಣಗೆರೆಯ ಯುಬಿಡಿಟಿ ಎಂಜಿನಿಯರಿಂಗ್ ಕಾಲೇಜಿನ ಕಂಪ್ಯೂಟರ್ ವಿಭಾಗದಿಂದ ಇಬ್ಬರು ಹುಡುಗರು. ಒಂದು ಪಂಚಾಯ್ತಿಗೆ ಈ ತಂಡ ಸಾಕು. ಯಂತ್ರ ತಿರಸ್ಕರಿಸಿದ 100 ಪ್ರಕರಣ ಎತ್ತಿಕೊಳ್ಳಲಿ. ಒಪ್ಪಿದ್ದನ್ನು ಎತ್ತಿಕೊಂಡರೆ ಪ್ರಯೋಜನ ಕಡಿಮೆ. ಸಿಕ್ಕವರು ಯಾಕೆ ದೂರು ಹೇಳುತ್ತಾರೆ? ಆ 100 ಮನೆಗೆ ಹೋಗಿ, ಯಂತ್ರ ಹೇಳಿದ ಕಾರಣ ನಿಜವೋ ಅಂತ ನೋಡಲಿ. ಕಾರು ಇದೆ ಅಂದಿದ್ದರೆ ಕಾರು ಎಲ್ಲಿ? ಸತ್ತಿದ್ದಾರೆ ಅಂದಿದ್ದರೆ ಬಾಗಿಲು ತೆಗೆದವರು ಯಾರು? ಹರಿಯಾಣದಲ್ಲಿ 2022ರಲ್ಲಿ, ಸರ್ಕಾರಿ ದಾಖಲೆಯಲ್ಲಿ ಸತ್ತಿದ್ದ 102 ವರ್ಷದ ಅಜ್ಜ ಮದುವೆ ಗಂಡಿನ ಹಾಗೆ ರಥ ಏರಿ ದಿಬ್ಬಣ ಹೊರಟಿದ್ದು, ತಾನು ಬದುಕಿದ್ದೇನೆ ಅಂತ ತೋರಿಸೋಕೆ. ನಮ್ಮ ಅಜ್ಜಂದಿರಿಗೆ ಆ ಖರ್ಚು ಬೇಡ.

ಆಮೇಲೆ ಹುಡುಗರ ಕೆಲಸ. ಒಂದೇ ಅರ್ಜಿಯನ್ನು ಎರಡು ಸಲ ಪರೀಕ್ಷಾ ಯಂತ್ರಕ್ಕೆ ಕೊಡಲಿ. ಎಲ್ಲ ಮಾಹಿತಿ ಅದೇ, ತಿಪ್ಪೇಸ್ವಾಮಿಯ ಇಂಗ್ಲಿಷ್ ಕಾಗುಣಿತದಲ್ಲಿ ಒಂದಕ್ಷರ ಮಾತ್ರ ಬೇರೆ. ಉತ್ತರ ಬದಲಾದರೆ ಪ್ಯಾರಾ, ಅಂದರೆ ಆಡಿಟ್ ಆಕ್ಷೇಪಣೆ, ಬರೆಯಿರಿ. ಇದಕ್ಕೆ ಕೋಡ್ ಓದಬೇಕಾಗಿಲ್ಲ.

ಈ ಪ್ಯಾರಾಗಳನ್ನು ಗ್ರಾಮಸಭೆಯಲ್ಲಿ ಓದಬೇಕು. ಉದ್ಯೋಗ ಖಾತ್ರಿ ಕಾಯ್ದೆಯ 17ನೇ ಸೆಕ್ಷನ್ ಗ್ರಾಮಸಭೆಗೆ ಸಾಮಾಜಿಕ ಪರಿಶೋಧನೆಯ ಅಧಿಕಾರ ಕೊಟ್ಟಿದ್ದರಿಂದ, ಹಾಜರಿ ಪಟ್ಟಿಯನ್ನು ಊರ ಮುಂದೆ ಜೋರಾಗಿ ಓದಿ ತಾಳೆ ನೋಡುವುದು ನಮ್ಮ ಜನರಿಗೆ ಹೊಸದಲ್ಲ. 2025ರ ನವೆಂಬರ್‌ನಲ್ಲಿ ಮಾಹಿತಿ ಹಕ್ಕಿನ 8(1)(ಜೆ) ಬದಲಾದ ಮೇಲೆ, ವೈಯಕ್ತಿಕ ಮಾಹಿತಿ ಅಂತ ಹೇಳಿ ಏನನ್ನೂ ಕೊಡದಿರಲು ಕಚೇರಿಗಳಿಗೆ ನೆಪ ಸಿಕ್ಕಿದೆ. ನನಗೆ ಯಾರ ಹೆಸರೂ ಬೇಡ. ಈ ಪಂಚಾಯ್ತಿಯಲ್ಲಿ ಎಷ್ಟು ಅರ್ಜಿ ನಿಂತವು, ಯಾವ ಕಾರಣಕ್ಕೆ ಎಷ್ಟು, ಮನೆಗೆ ಹೋಗಿ ನೋಡಿದಾಗ ಅದರಲ್ಲಿ ಎಷ್ಟು ಸುಳ್ಳು, ಎಷ್ಟು ಸರಿಪಡಿಸಿದರು. ಇಷ್ಟು ಓದಿದರೆ ತಮ್ಮದು ಯಾವುದು ಅಂತ ಜನರೇ ಎದ್ದು ನಿಂತು ಹೇಳುತ್ತಾರೆ.

ವರದಿ ಕನ್ನಡದಲ್ಲಿರಬೇಕು ಅಂತ ಬೇರೆ ಹೇಳಬೇಕಾ? ಹೇಳಬೇಕು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕ ತನ್ನ ಶಾಸನವನ್ನು ಬಯಲ ಬಂಡೆಯ ಮೇಲೆಯೇ ಬರೆಸಿದ. ಭಾಷೆ ಪ್ರಾಕೃತ. ಅದನ್ನು ಬರೆದ ಚಪಡ ಅನ್ನುವವನು 'ಲಿಪಿಕಾರ' ಅನ್ನುವ ತನ್ನ ಕೆಲಸದ ಹೆಸರನ್ನು ವಾಯವ್ಯ ದೇಶದ ಖರೋಷ್ಠಿ ಲಿಪಿಯಲ್ಲಿ ಹಾಕಿದ. ಕುರಿ ಮೇಯಿಸುತ್ತಾ ಅಲ್ಲಿ ಬಂದವರಲ್ಲಿ ಎಷ್ಟು ಮಂದಿ ಓದಿಕೊಂಡರೋ! ಇವತ್ತು ನಾಲ್ಕು ಪುಟದ ಇಂಗ್ಲಿಷ್ ಪಿಡಿಎಫ್ ಅನ್ನು ವೆಬ್‌ಸೈಟಿನ ಮೂಲೆಗೆ ಹಾಕಿ 'ಪ್ರಕಟಿಸಿದ್ದೇವೆ' ಅನ್ನುವುದೂ ಹಾಗೇ. ಚಪಡ ಕಡೇಪಕ್ಷ ಬಂಡೆ ಮೇಲೆ ಬರೆದಿದ್ದ, ಲಿಂಕ್ ಬದಲಾಗುತ್ತಿರಲಿಲ್ಲ.

ಇಡೀ ರಾಜ್ಯಕ್ಕೆ ಒಮ್ಮೆಲೇ ಮಾಡಿ ಅಂತ ನಾನು ಹೇಳುತ್ತಿಲ್ಲ. ಜಗಳೂರು, ಮೊಳಕಾಲ್ಮೂರು ಎರಡು ತಾಲ್ಲೂಕು ತೆಗೆದುಕೊಳ್ಳಿ. ಎರಡೂ ಮಳೆ ಕಡಿಮೆಯ ಸೀಮೆ. ಪರಿಹಾರ, ಪಿಂಚಣಿ, ಪಡಿತರ ನೆಚ್ಚಿಕೊಂಡವರು ಜಾಸ್ತಿ, ನೆಟ್‌ವರ್ಕ್ ಕಡಿಮೆ. ಯಂತ್ರ ತಪ್ಪುವುದಾದರೆ ಅಲ್ಲೇ ಮೊದಲು ತಪ್ಪುತ್ತದೆ. ನಮ್ಮಂಥ ನಿವೃತ್ತರು ದಾವಣಗೆರೆಯಲ್ಲೂ ದುರ್ಗದಲ್ಲೂ ಇದ್ದೇವೆ. ಭತ್ಯೆ ಬೇಡ, ಊರಿಂದೂರಿಗೆ ಹೋಗಲು ಗಾಡಿ ಕೊಟ್ಟರೆ ಬರುತ್ತೇವೆ.

ಯಂತ್ರಗಳ ಪಟ್ಟಿ ಕೇಳಿ ಮಾಹಿತಿ ಹಕ್ಕಿನ ಅರ್ಜಿಗಳನ್ನು ಈ ಪತ್ರದ ಜೊತೆಗೇ ಮೂರೂ ಕಚೇರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿದ್ದೇನೆ. 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿದೆ. ಉತ್ತರಕ್ಕೆ ಕಾಯ್ದೆ ಕೊಟ್ಟಿರುವ ಗಡುವು 30 ದಿನ.

ಇಂತಿ,
ನಿವೃತ್ತ ಸರ್ಕಾರಿ ಆಡಿಟರ್
ದಾವಣಗೆರೆ